ಒತ್ತೊರೀನೊನ ಅರ್ಥಪೂರ್ಣ ಉಡುಗೊರೆ

ಐವತ್ತೆಂಟನೆಯ ವಯಸ್ಸಿನಲ್ಲಿ ಒತ್ತೊರೀನೊ ಫುರ್ಲಾನ್‌ನಿಗೆ ಒಂದು ಸಿದ್ಧಾಂತ ಹುಟ್ಟಿತು. ಅಲ್ಲಿಯವರೆಗೆ ಅವನಿಗೆ ಅಂಥದ್ದರ ಅಗತ್ಯ ಬಿದ್ದಿರಲಿಲ್ಲ. ಇಟಲಿಯ ರೊವೀಗೊ ಪಟ್ಟಣದಲ್ಲಿ ಬಚ್ಚಲುಮನೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಅವನು ನಲ್ಲಿ, ಕಮೋಡು, ಟವೆಲುಗಳ ಬಳಿ ನಿಲ್ಲುತ್ತಿದ್ದ. ಅಂಥ ಕಡೆ ನಿಲ್ಲುವವನಿಗೆ ಸಿದ್ಧಾಂತಗಳಿದ್ದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಾರೆ. ಆದರೆ ಆ ನವೆಂಬರಿನಲ್ಲಿ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕಾಯುತ್ತ ಕೂತಿದ್ದಾಗ ಹಳೆಯ ವಾರಪತ್ರಿಕೆಯೊಂದು ಕೈಗೆ ಸಿಕ್ಕಿತು. ಉಡುಗೊರೆ ದುಬಾರಿಯಾಗಿರಬೇಕಿಲ್ಲ, ಅರ್ಥಪೂರ್ಣವಾಗಿರಬೇಕು, ಕೊಟ್ಟ ಪ್ರತಿಯೊಂದು ವಸ್ತುವೂ ಮಾತಾಡಬೇಕು ಎಂದು ಅದರಲ್ಲಿ ಬರೆದಿತ್ತು. ಅರ್ಧ ದವಡೆ ಮರಗಟ್ಟಿದ್ದ ಒತ್ತೊರೀನೊ ಯಾರಿಗೂ ತಿಳಿಯದಿರಲೆಂದು ಜೋರಾಗಿ ಕೆಮ್ಮಿ, ಆ ಕೆಮ್ಮಿನ ಸದ್ದಿನಲ್ಲಿ ಪುಟವನ್ನು ಹರಿದು ಜೇಬಿಗೆ ಸೇರಿಸಿದ. ಮುಂದೆ ದೂರದ ಮೊಲ್ದೋವಾದ ಹಳ್ಳಿಯೊಂದರಲ್ಲಿ ಗುಂಡಿ ತೋಡುವವರೆಗೆ ಹೋದ ಪ್ರಸಂಗ ಶುರುವಾದದ್ದು ಆ ಕೆಮ್ಮಿನಿಂದ.

ಗುಂಡಿ ಯಾರಿಗೆಂದರೆ, ಅವನು ಮದುವೆಯಾಗಬೇಕೆಂದಿದ್ದ ರೋದಿಕಾಳಿಗೆ.

ರೋದಿಕಾ ಮೊಲ್ದೋವಾದವಳು. ತೊಂಬತ್ತು ದಾಟಿದ ಒಬ್ಬ ಸಿನ್ಯೋರಾಳನ್ನು, ಅಂದರೆ ಇಟಲಿಯ ಯಜಮಾನಿಯೊಬ್ಬಳನ್ನು, ನೋಡಿಕೊಳ್ಳುವ ಕೆಲಸಕ್ಕೆ ರೊವೀಗೊಗೆ ಬಂದು ಆಗಲೇ ವರ್ಷಗಳಾಗಿದ್ದವು. ಮುದುಕಿಗೆ ಉಣಿಸುವುದು, ಮೀಯಿಸುವುದು, ರಾತ್ರಿಯಿಡೀ ಸತ್ತುಹೋದ ಗಂಡನನ್ನು ಕೂಗಿದರೆ ಅವನ ಪರವಾಗಿ ಉತ್ತರ ಕೊಡುವುದು, ಇವೆಲ್ಲ ಅವಳ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಬಿಡುವು. ಆ ಬಿಡುವಿನಲ್ಲಿ ಅವಳು ಒತ್ತೊರೀನೊನ ಜೊತೆ ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದಳು. ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಕಾಲುವೆ ಇದೆಯೆಂಬುದನ್ನು ಇಬ್ಬರೂ ನೆನಪಿನ ಮೇಲೆ ನಂಬಬೇಕಾಗುತ್ತಿತ್ತು.

"ಮದುವೆ ವಿಷಯ ಸಾಂದಾಳನ್ನ ಕೇಳು. ಅವಳು ಹೂಂ ಅಂದ್ರೆ ನಂದೂ ಹೂಂ," ಎಂದಿದ್ದಳು ರೋದಿಕಾ. ಸಾಂದಾ ಅವಳ ಮಗಳು, ಹನ್ನೊಂದರ ಹುಡುಗಿ, ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿದ್ದಳು.

"ಹೇಗೆ ಕೇಳಲಿ? ಫೋನಿನಲ್ಲಿ ನನ್ನ ಮುಖ ಕಂಡ ತಕ್ಷಣ ಬೆಕ್ಕನ್ನ ಎತ್ಕೊಂಡು ಬಂದು ಕ್ಯಾಮೆರಾ ಮುಂದೆ ಹಿಡೀತಾಳೆ."

"ಬೆಕ್ಕಿನ ಹತ್ರಾನೂ ಮಾತಾಡು ಮತ್ತೆ. ಅದರ ಒಪ್ಪಿಗೇನೂ ಬೇಕಾಗುತ್ತೆ."

ಸಾಂದಾಳ ಮನಸ್ಸು ಗೆಲ್ಲಲು ಒತ್ತೊರೀನೊ ಪ್ರಯತ್ನಿಸದೆ ಇರಲಿಲ್ಲ. ಮೊದಲು ಕಣ್ಣು ಮುಚ್ಚಿ ತೆರೆಯುವ ಗೊಂಬೆ ಕಳಿಸಿದ. ಅದು ಪಕ್ಕದ ಮನೆಯ ಮಗುವಿನ ಪಾಲಾಯಿತು. ಆಮೇಲೆ ತನ್ನ ಮೆಚ್ಚಿನ ಫುಟ್‌ಬಾಲ್ ತಂಡದ ಅಂಗಿ ಕಳಿಸಿದ. ಆ ತಂಡ ಅದೇ ವಾರ ಕೆಳಗಿನ ದರ್ಜೆಗೆ ಇಳಿಯಿತು. ಅಂಗಿ ಈಗ ತೋಟದ ಬೆದರುಬೊಂಬೆಯ ಮೈಮೇಲಿದೆಯೆಂದು ಅಜ್ಜಿಯೇ ರೋದಿಕಾಳಿಗೆ ಹೇಳಿದ್ದಳು. ಕೊನೆಗೆ ಇಟಾಲಿಯನ್ ನಿಘಂಟು ಕಳಿಸಿದ. ಅದಕ್ಕೆ ಬಂದ ಉತ್ತರ 'ಧನ್ಯವಾದ' ಎಂಬ ಒಂದೇ ಪದ. ಅದನ್ನೂ ಹುಡುಗಿ ಬೆಕ್ಕಿನ ಹಿಂದಿನಿಂದ ಹೇಳಿದ್ದಳು.

"ಏನು ಬೇಕು ಅಂತ ಅವಳನ್ನೇ ಕೇಳಬಾರದಾ?" ಎಂದು ರೋದಿಕಾ ಕೇಳಿದ್ದಳು.

"ಕೇಳಿ ಕೊಟ್ಟರೆ ಅದು ಉಡುಗೊರೆ ಹೇಗಾಗುತ್ತೆ? ಆರ್ಡರು ಆಗುತ್ತೆ. ಅಂಗಡಿಯಲ್ಲಿ ನಾನು ದಿನವಿಡೀ ಮಾಡೋದು ಅದೇ ತಾನೆ."

ಪತ್ರಿಕೆಯ ಪುಟ ಜೇಬು ಸೇರಿದ ವಾರವೇ ರೋದಿಕಾ ಸಿನ್ಯೋರಾಳ ಜೊತೆ ಅವಳ ಮಗನ ಬೆಟ್ಟದ ಮನೆಗೆ ಹೋಗಬೇಕಾಯಿತು. ಮಂಜಿನಿಂದ ಮುದುಕಿಯ ಎದೆ ಕಟ್ಟಿತ್ತು. ಅಲ್ಲಿಗೆ ಹೋದ ಮರುದಿನವೇ ಮುದುಕಿ ರೋದಿಕಾಳ ಫೋನನ್ನು ಕುದಿಯುವ ತರಕಾರಿ ಸೂಪಿಗೆ ಹಾಕಿ, ಉಪ್ಪು ಸಾಲದು ಎಂದಳಂತೆ. ಸಿನ್ಯೋರಾಳ ಮಗನ ಫೋನಿನಿಂದ ರೋದಿಕಾ ಇಷ್ಟನ್ನು ಹೇಳಿ, ಹೊಸ ಫೋನು ಕೊಳ್ಳಲು ಬಿಡುವಾಗುವವರೆಗೆ ಮಾತಿಲ್ಲ ಎಂದು ಇಟ್ಟುಬಿಟ್ಟಳು. ಒತ್ತೊರೀನೊನಿಗೆ ಇದು ಒಳ್ಳೆಯದೇ ಎನಿಸಿತು. ತಡೆಯುವವರು ಯಾರೂ ಇಲ್ಲ. ಈ ಸಲದ ಉಡುಗೊರೆ ಅವನೊಬ್ಬನ ಬುದ್ಧಿಯ ಫಲವಾಗಿರುತ್ತದೆ.

ಅವನ ಅಕ್ಕ ಇಸೊಲೀನಾ ಮಹಡಿಯ ಮನೆಯಲ್ಲಿದ್ದಳು. ಕೆಳಗೆ ಸದ್ದಾದರೆ ವಿಚಾರಿಸಲು ಬರುತ್ತಿದ್ದಳು, ಸದ್ದಾಗದಿದ್ದರೆ ಯಾಕೆ ಸದ್ದಿಲ್ಲ ಎಂದು ನೋಡಲು ಬರುತ್ತಿದ್ದಳು. ಆ ಸಂಜೆ ಬಂದಾಗ ತಮ್ಮ ಊಟದ ಮೇಜಿನ ಮೇಲೆ ಸಾಮಾನು ಹರಡಿಕೊಂಡು ನಿಂತಿದ್ದ.

"ಏನೋ ಇದು, ಸಂತೆ?"

"ಸಾಂದಾಗೆ ಉಡುಗೊರೆ. ಒಂದೊಂದೂ ಮಾತಾಡುತ್ತೆ ಅಕ್ಕ."

"ಈ ಟವೆಲು ಏನನ್ನುತ್ತೆ?"

"ಅಪ್ಪಿಕೊಳ್ತೀನಿ ಅನ್ನುತ್ತೆ. ನಮ್ಮ ಅಂಗಡಿಯಲ್ಲೇ ಎಲ್ಲಕ್ಕಿಂತ ಮೆತ್ತಗಿರೋದು."

"ಮಗ್ಗು?"

"ದಿನಾ ಬೆಳಗ್ಗೆ ಹಾಲು ಕುಡೀವಾಗ ನೆನಪಾಗಲಿ ಅಂತ. ಈ ಪನೆತ್ತೋನೆ ಸಿಹಿ ಬ್ರೆಡ್ಡು ಇದೆಯಲ್ಲ, ಹಬ್ಬ ಅಂದ್ರೆ ಒಟ್ಟಿಗಿರೋದು ಅನ್ನುತ್ತೆ. ಲ್ಯಾವೆಂಡರ್ ಮೇಣದ ಬತ್ತಿ ಕತ್ತಲೆಯಲ್ಲೂ ಬೆಳಕಿದೆ ಅನ್ನುತ್ತೆ."

"ಬೆಂಕಿಪೊಟ್ಟಣ?"

"ಬತ್ತಿ ಹಚ್ಚೋಕೆ. ನಾನು ಅರ್ಧಂಬರ್ಧ ಕೆಲಸ ಮಾಡೋನಲ್ಲ."

"ಕರೆಂಟು ಹೋದ ಮನೆಗೆ ಸಾಮಾನು ಕಳಿಸ್ತಾ ಇರೋ ಹಾಗಿದೆ. ಆ ಫೋಟೋ ಯಾಕೆ?"

ಫೋಟೋ ರೋದಿಕಾಳದು. ಯಾರದೋ ಮದುವೆಯಲ್ಲಿ ಕಪ್ಪು ಉಡುಪು ತೊಟ್ಟು ನಿಂತದ್ದು. ಅವಳು ಅಲುಗಾಡದೆ ನಿಂತಿರುವ ಫೋಟೋ ಅವನ ಬಳಿ ಇದ್ದದ್ದು ಅದೊಂದೇ. ಅದಕ್ಕೆ ಅವನು ಕನ್ನಡಿಗೆ ಹಾಕುವ ಕರಿಮರದ ಚೌಕಟ್ಟನ್ನು ಕತ್ತರಿಸಿ ಕೂಡಿಸಿದ್ದ. ಎಲ್ಲಕ್ಕಿಂತ ಮುಖ್ಯವಾದ ವಸ್ತುವನ್ನು ಅವನು ಕೊನೆಗೆ ತೆಗೆದು ತೋರಿಸಿದ: ರೋದಿಕಾ ಅವನ ಮನೆಯಲ್ಲಿ ಮರೆತುಹೋಗಿದ್ದ ನೀಲಿ ಶಾಲು.

"ಮಗಳಿಗೆ ಅಮ್ಮನ ವಾಸನೆ ಬೇಕಲ್ವಾ ಅಕ್ಕ? ಇದನ್ನ ಮುಖಕ್ಕೆ ಒತ್ಕೊಂಡ್ರೆ ಸಾಕು."

ಇಸೊಲೀನಾ ಶಾಲನ್ನು ಮೂಸಿ ನೋಡಿದಳು. "ಸೋಪಿನ ವಾಸನೆ ಬರ್ತಾ ಇದೆ."

"ತೊಳೆದಿದ್ದೀನಿ. ಎರಡು ಸಲ. ಇಸ್ತ್ರಿನೂ ಮಾಡಿದ್ದೀನಿ. ಮಾಸಿದ್ದನ್ನ ಯಾರಾದ್ರೂ ಉಡುಗೊರೆ ಕೊಡ್ತಾರಾ?"

ಅಕ್ಕ ಶಾಲನ್ನು ಮಡಚಿ ಮೇಜಿನ ಮೇಲಿಟ್ಟಳು. ಇವನ ಜೊತೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅರವತ್ತು ದಾಟಿದ ಅವಳಿಗೆ ಗೊತ್ತಿತ್ತು. ಮಹಡಿ ಹತ್ತಿದಳು. ಒತ್ತೊರೀನೊ ಮೇಣದ ಬತ್ತಿಯನ್ನು ಮಗ್ಗಿನಲ್ಲಿ ನಿಲ್ಲಿಸಿ, ಮಗ್ಗನ್ನೂ ಬೆಂಕಿಪೊಟ್ಟಣವನ್ನೂ ಬ್ರೆಡ್ಡಿನ ಪಕ್ಕ ಇಟ್ಟು, ಎಲ್ಲವನ್ನೂ ಟವೆಲಿನಲ್ಲಿ ಸುತ್ತಿದ. ಅದರ ಮೇಲೆ ಫೋಟೋ ಇಟ್ಟು ಶಾಲಿನಿಂದ ಗಂಟು ಕಟ್ಟಿ, ತನ್ನ ಫೋನ್ ನಂಬರು ಬರೆದ ಪೆಟ್ಟಿಗೆಯೊಳಗೆ ಇಳಿಸಿದ. ಎಷ್ಟು ನೋಡಿದರೂ ಅವನಿಗೆ ಸಾಲದಾಯಿತು, ಅಷ್ಟು ಚೆನ್ನಾಗಿತ್ತು.

ಭಾನುವಾರ ಬೆಳಗ್ಗೆ ರೈಲು ನಿಲ್ದಾಣದ ಹಿಂದಿನ ಮೈದಾನದಲ್ಲಿ ಎಂದಿನಂತೆ ಮೊಲ್ದೋವಾದ ವ್ಯಾನುಗಳು ಬಂದು ನಿಂತಿದ್ದವು. ಪಟ್ಟಣದ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಹೆಂಗಸರೆಲ್ಲ ಮಂಜಿನಲ್ಲಿ ಸಾಲುಗಟ್ಟಿ, ಎಣ್ಣೆ, ಕಾಫಿಪುಡಿ, ಬೂಟುಗಳನ್ನು ತುಂಬಿದ ಪೆಟ್ಟಿಗೆಗಳನ್ನು ಕಾಲಿನಿಂದ ಮುಂದೆ ತಳ್ಳುತ್ತಿದ್ದರು. ವಲೇರಿಯು ಎಂಬ ಡ್ರೈವರು ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಪೆಟ್ಟಿಗೆಗಳನ್ನು ಒಳಗೆ ಎಸೆಯುತ್ತಿದ್ದ.

"ಒಡೆಯೋ ಸಾಮಾನಿದೆಯಾ ಯಜಮಾನ್ರೇ?"

"ಒಂದು ಮಗ್ಗು. ಮತ್ತೆ ಭಾವನೆಗಳು."

"ಭಾವನೆಗೆ ನಾವು ಜವಾಬ್ದಾರರಲ್ಲ," ಎಂದ ವಲೇರಿಯು. "ಮಗ್ಗಿಗೂ ಅಲ್ಲ."

ಪೆಟ್ಟಿಗೆ ಹಳ್ಳಿಗೆ ತಲುಪಿದಾಗ ಏನಾಯಿತು ಎಂಬುದು ಒತ್ತೊರೀನೊನಿಗೆ ತಿಳಿದದ್ದು ಆಮೇಲೆ. ನಾವು ಈಗಲೇ ತಿಳಿದುಕೊಂಡರೆ ನಷ್ಟವೇನಿಲ್ಲ.

ಅಜ್ಜಿ ಫ್ರೋಸಿಯಾ ಬಾವಿಯ ಬಳಿ ಬಾತುಗಳಿಗೆ ಕಾಳು ಹಾಕುತ್ತಿದ್ದಳು. ಪೆಟ್ಟಿಗೆ ಬಂತೆಂದು ನೆರೆಯ ಹೆಂಗಸರು ಬೇಲಿ ದಾಟಿ ಬಂದರು, ಇಟಲಿಯ ಪೆಟ್ಟಿಗೆ ಒಂಟಿಯಾಗಿ ಬಿಚ್ಚುವ ವಸ್ತುವಲ್ಲ. ಸಾಂದಾ ಕತ್ತರಿ ತಂದಳು. ಮೊದಲು ಕಾಣಿಸಿದ್ದು ರೋದಿಕಾಳ ಶಾಲು. ಗಂಟು ಬಿಚ್ಚಿದರೆ ಕಪ್ಪು ಚೌಕಟ್ಟಿನೊಳಗೆ ಕಪ್ಪು ಉಡುಪಿನ ರೋದಿಕಾ. ಅದರ ಕೆಳಗೆ ಹೊಸ ಟವೆಲು, ಟವೆಲಿನೊಳಗೆ ಸಿಹಿ ಬ್ರೆಡ್ಡು, ಮಗ್ಗು, ಮಗ್ಗಿನಲ್ಲಿ ನೆಟ್ಟಗೆ ನಿಂತ ಮೇಣದ ಬತ್ತಿ, ಪಕ್ಕದಲ್ಲಿ ಬೆಂಕಿಪೊಟ್ಟಣ.

ಆ ಊರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ, ಇಷ್ಟು ವಸ್ತುಗಳನ್ನು ಹೀಗೆ ಕಟ್ಟಿ ಕೊಡುವುದು ಒಂದೇ ಸಂದರ್ಭದಲ್ಲಿ. ಅದಕ್ಕೆ ಪೊಮಾನಾ ಎನ್ನುತ್ತಾರೆ. ಸತ್ತವರ ಹೆಸರಿನಲ್ಲಿ ಬದುಕಿರುವವರಿಗೆ ಕೊಡುವ ದಾನ ಅದು. ಇಲ್ಲಿ ಕೊಟ್ಟ ಟವೆಲಿನಿಂದ ಸತ್ತವರು ಅಲ್ಲಿ ಮುಖ ಒರೆಸಿಕೊಳ್ಳುತ್ತಾರೆ, ಇಲ್ಲಿ ಹಚ್ಚಿದ ಬತ್ತಿಯಿಂದ ಅಲ್ಲಿ ದಾರಿ ಕಾಣುತ್ತದೆ. ಬೆಂಕಿಪೊಟ್ಟಣವನ್ನೂ ಮರೆಯುವಂತಿಲ್ಲ. ಒತ್ತೊರೀನೊ ಮರೆತಿರಲಿಲ್ಲ.

ನೆರೆಯ ಹೆಂಗಸೊಬ್ಬಳು ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡು, "ದೇವರು ಅವಳನ್ನ ಕ್ಷಮಿಸಲಿ," ಎಂದಳು. ಆಮೇಲಷ್ಟೇ ತಾನು ಹೇಳಿದ್ದು ಯಾರ ಬಗ್ಗೆ ಎಂದು ಅವಳಿಗೆ ಹೊಳೆದದ್ದು. ಅಜ್ಜಿಯ ಕೈಯಿಂದ ಕಾಳಿನ ತಟ್ಟೆ ಬಿತ್ತು. ಮಗಳಿಗೆ ಫೋನು ಮಾಡಿದರೆ ಫೋನು ಸತ್ತಿತ್ತು. ಸಂಜೆಯೊಳಗೆ ಇಗರ್ಜಿಯ ಗಂಟೆ ಬಾರಿಸಿದರು.

ಒತ್ತೊರೀನೊ ಗಿರಾಕಿಯೊಬ್ಬಳಿಗೆ ಕಮೋಡಿನ ಮುಚ್ಚಳ ಸದ್ದಿಲ್ಲದೆ ಮುಚ್ಚಿಕೊಳ್ಳುವುದನ್ನು ತೋರಿಸುತ್ತಿದ್ದಾಗ ಫೋನು ಬಂತು. ಅತ್ತ ಕಡೆಯಿಂದ ಮಾತಾಡಿದವನು ಹಳ್ಳಿಯ ಮೇಯರ್ ತುದೋರ್. ಪೆಟ್ಟಿಗೆಯ ಮೇಲಿದ್ದ ನಂಬರು ನೋಡಿ ಮಾಡಿದ್ದ. ತುದೋರ್ ಒಂದು ಕಾಲದಲ್ಲಿ ಇಟಲಿಯ ದಕ್ಷಿಣದಲ್ಲಿ ಟೊಮ್ಯಾಟೊ ಕೀಳುವ ಕೆಲಸದಲ್ಲಿದ್ದವನು. ಅವನ ಇಟಾಲಿಯನ್‌ನಲ್ಲಿ ಬೈಗುಳ ಮತ್ತು ತರಕಾರಿಗಳು ಹೇರಳವಾಗಿದ್ದವು, ಸಂತಾಪಕ್ಕೆ ಬೇಕಾದ ಪದಗಳು ಇರಲಿಲ್ಲ. ಅಲ್ಲದೆ ಅವರ ಕಡೆ ಸಾವು ಎಂಬ ಪದವನ್ನು ಫೋನಿನಲ್ಲಿ ಉಚ್ಚರಿಸುವುದು ಅಪಶಕುನ.

"ಒತ್ತೊರೀನೊ ಅವರೇ, ಪೆಟ್ಟಿಗೆ ಬಂತು," ಎಂದ ಮೇಯರ್ ಭಾರವಾದ ದನಿಯಲ್ಲಿ.

"ಬಂತಾ! ಸಾಂದಾ ನೋಡಿದಳಾ? ಏನಂದಳು?"

"ಅಳ್ತಾ ಇದ್ದಾಳೆ."

ಒತ್ತೊರೀನೊನ ಎದೆ ತುಂಬಿಬಂತು. "ಅಳಲಿ ಬಿಡಿ! ಅಳಲಿ!"

"ಅಜ್ಜಿನೂ ಅಳ್ತಾ ಇದ್ದಾರೆ."

"ಅಜ್ಜಿನೂನಾ?"

"ಊರಿಗೆ ಊರೇ ಅಳ್ತಾ ಇದೆ. ಪಾದ್ರಿಗಳು ಬಂದು ಹೋದರು."

ಅಂಗಡಿಯ ನಲ್ಲಿಗಳ ನಡುವೆ ಒತ್ತೊರೀನೊ ಒಂದು ಕ್ಷಣ ಕಣ್ಣು ಮುಚ್ಚಿ ನಿಂತ. ಅವನ ಜೀವಮಾನದಲ್ಲಿ ಇಷ್ಟು ಯಶಸ್ವಿಯಾದ ಕೆಲಸ ಇನ್ನೊಂದಿರಲಿಲ್ಲ. "ನಾನೇನು ದೊಡ್ಡದು ಮಾಡಲಿಲ್ಲ. ಮನಸ್ಸಿಗೆ ತೋಚಿದ್ದು ಮಾಡಿದೆ," ಎಂದ ವಿನಯದಿಂದ.

"ನಮ್ಮ ಪದ್ಧತಿ ತಿಳ್ಕೊಂಡು ಮಾಡಿದ್ದೀರಿ. ಹೊರಗಿನವರು ಯಾರೂ ಹೀಗೆ ಮಾಡಿದ್ದು ನಾನು ನೋಡಿಲ್ಲ. ಅವಳು ಈಗ ಎಲ್ಲಿದ್ದಾಳೆ?"

"ಬೆಟ್ಟದಲ್ಲಿ. ಅಲ್ಲಿ ಹಿಮ ಬಿದ್ದಿದೆಯಂತೆ, ಬಹಳ ಚಳಿ."

ಮೇಯರ್ ಸ್ವಲ್ಪ ಯೋಚಿಸಿ, "ಚಳಿ ಒಳ್ಳೇದೇ," ಎಂದ. "ಊರಿಗೆ ಯಾವಾಗ ಕರ್ಕೊಂಡು ಬರ್ತೀರಿ?"

"ಕ್ರಿಸ್ಮಸ್ಸಿಗೆ ಆಗಬಹುದೇನೋ."

"ಕ್ರಿಸ್ಮಸ್ಸಿಗಾ? ಅಷ್ಟು ದಿನ ಹೇಗೆ ಕಾಯೋದು?"

"ನಾನೇನು ಮಾಡಲಿ? ಸಿನ್ಯೋರಾಳ ಮಗ ಒಪ್ಪಬೇಕಲ್ಲ. ಅವನ ಅಪ್ಪಣೆ ಬೇಕು."

"ಈಗಲೂ ಅವನ ಅಪ್ಪಣೆ ಬೇಕಾ?"

"ಯಾವಾಗಲೂ ಬೇಕು."

ಅತ್ತ ಕಡೆ ಮೇಯರ್ ಒಂದು ತರಕಾರಿಯ ಹೆಸರನ್ನೂ ಒಂದು ಬೈಗುಳವನ್ನೂ ಸೇರಿಸಿ ನಿಟ್ಟುಸಿರುಬಿಟ್ಟ. "ಆ ದೇಶ ಬದಲಾಗಲ್ಲ ಬಿಡಿ. ನಾನು ಮೇಲಿನವರಿಗೆ ಕಾಗದ ಬರೀತೀನಿ. ಶನಿವಾರದೊಳಗೆ ರೋದಿಕಾ ಊರಿನಲ್ಲಿರಬೇಕು, ಅದು ನನ್ನ ಮಾತು. ನೀವು ಮಾತ್ರ ಶುಕ್ರವಾರ ಬಂದುಬಿಡಿ. ಪ್ರಾರ್ಥನೆ ಇದೆ, ಊಟ ಇದೆ. ಅಜ್ಜಿ ಹೇಳಿಕಳಿಸಿದ್ದಾರೆ, ಅಳಿಯಂದ್ರು ಬರದೆ ಇರಬಾರದು ಅಂತ."

ಅಳಿಯಂದ್ರು! ಅಜ್ಜಿ ಅವನನ್ನು ಇಲ್ಲಿಯವರೆಗೆ ಕರೆಯುತ್ತಿದ್ದದ್ದು 'ಆ ಬಚ್ಚಲಿನವನು' ಎಂದು. ಒತ್ತೊರೀನೊ ಗಿರಾಕಿಯನ್ನು ಕಮೋಡಿನ ಬಳಿ ಬಿಟ್ಟು ಮಾಲೀಕನ ಹತ್ತಿರ ರಜೆ ಕೇಳಲು ಓಡಿದ.

"ಒಂದು ಟವೆಲಿಗೆ ಊರೆಲ್ಲ ಅಳ್ತಾ ಇದೆಯಾ?" ಎಂದಳು ಇಸೊಲೀನಾ, ತಮ್ಮನ ಚೀಲಕ್ಕೆ ದಪ್ಪನೆಯ ಕಾಲುಚೀಲ ತುಂಬುತ್ತಾ. "ನನಗೇನೋ ಸರಿ ಕಾಣ್ತಿಲ್ಲ ಕಣೋ."

"ನಿನಗೆ ಯಾರೂ ಅರ್ಥಪೂರ್ಣವಾದದ್ದು ಕೊಟ್ಟಿಲ್ಲ ಅಕ್ಕ, ಅದಕ್ಕೇ ಹಾಗನ್ಸುತ್ತೆ."

ವಾರದ ನಡುವೆ ಹೊರಡುವ ವ್ಯಾನಿನಲ್ಲಿ ಅವನಿಗೆ ಮುಂದಿನ ಸೀಟು ಸಿಕ್ಕಿತು. ಅದನ್ನು ಹಿಡಿದಿಟ್ಟಿದ್ದ ಹೆಂಗಸು ಅವನನ್ನು ಕಂಡು ತಾನಾಗಿಯೇ ಎದ್ದುಹೋಗಿದ್ದಳು. ದಾರಿಯುದ್ದಕ್ಕೂ ಹಿಂದಿನಿಂದ ಬೇಯಿಸಿದ ಮೊಟ್ಟೆ, ಉಪ್ಪಿನ ಪೊಟ್ಟಣ, ಸೇಬು ಒಂದೊಂದಾಗಿ ಅವನ ಭುಜದ ಮೇಲಿಂದ ಬರುತ್ತಿದ್ದವು. ಯಾರೂ ಮಾತಾಡಲಿಲ್ಲ. ರೇಡಿಯೊ ಹಾಕಿದ ಡ್ರೈವರನ್ನು ಎಲ್ಲರೂ ಸೇರಿ ಗದರಿಸಿದರು. ಎಂಥ ಸಂಸ್ಕೃತಿವಂತ ಜನ ಎಂದುಕೊಂಡ ಒತ್ತೊರೀನೊ. ಹೊರಗೆ ಕೊಯ್ಲು ಮುಗಿದ ಸೂರ್ಯಕಾಂತಿ ಹೊಲಗಳು ಕಪ್ಪಗೆ, ಒದ್ದೆಯಾಗಿ ಹಿಂದಕ್ಕೆ ಸರಿಯುತ್ತಿದ್ದವು. ಕೊನೆಯ ಮೊಟ್ಟೆಯನ್ನು ಸುಲಿಯುತ್ತ ಅವನು ಮದುವೆಗೆ ಯಾವ ಸೂಟು ಹಾಕಬೇಕೆಂದು ಯೋಚಿಸುತ್ತಿದ್ದ.

ಹಳ್ಳಿಯಲ್ಲಿ ಕಾಲು ಹೂತುಹೋಗುವಷ್ಟು ಕೆಸರು. ನೀಲಿ ಬಣ್ಣದ ಗೇಟಿನ ಮೇಲೆ ಕಪ್ಪು ಬಟ್ಟೆಯೊಂದು ಕಟ್ಟಿತ್ತು. ಒಣಗಿಸಲು ಹಾಕಿದ್ದಾರೆಂದು ಒತ್ತೊರೀನೊ ಅದನ್ನು ಎಚ್ಚರದಿಂದ ಪಕ್ಕಕ್ಕೆ ಸರಿಸಿ ಒಳಗೆ ಬಂದ. ಅಂಗಳದ ತುಂಬ ಜನ. ಒಲೆಯ ಮೇಲೆ ಎಲೆಕೋಸಿನ ಸುರುಳಿಗಳು ಬೇಯುತ್ತಿದ್ದವು, ಹಲಗೆಯ ಮೇಲೆ ಜೋಳದ ಮುದ್ದೆ ಹಬೆಯಾಡುತ್ತಿತ್ತು. ಅಜ್ಜಿ ಫ್ರೋಸಿಯಾ ಬಂದವಳೇ ಅವನ ಕುತ್ತಿಗೆಗೆ ಜೋತುಬಿದ್ದು ಅಳತೊಡಗಿದಳು. ಮೇಯರ್ ಪಕ್ಕದಲ್ಲಿ ನಿಂತು ಅನುವಾದಿಸಿದ.

"ನೀನಿದ್ದೆಯಲ್ಲ, ಅಷ್ಟಾದ್ರೂ ಸಮಾಧಾನ ಅಂತಿದ್ದಾರೆ. ಮಗಳಿಗೆ ಬೇಕಾದ್ದೆಲ್ಲ ಮಾಡಿದೆಯಂತೆ."

"ಮಾಡ್ತೀನಿ ಅಂತ ಹೇಳಿ," ಎಂದ ಒತ್ತೊರೀನೊ, ಅವನ ಕಣ್ಣೂ ಒದ್ದೆಯಾಗಿತ್ತು. "ಇನ್ನೂ ಬಹಳ ಮಾಡೋದಿದೆ."

ಒಳಗಿನ ಕೋಣೆಯಲ್ಲಿ, ಕಸೂತಿ ಬಟ್ಟೆ ಹಾಸಿದ ಮೇಜಿನ ಮೇಲೆ ಅವನ ಚೌಕಟ್ಟು ನಿಂತಿತ್ತು. ಅದರ ಮುಂದೆ ಅವನ ಬತ್ತಿ ಉರಿಯುತ್ತಿತ್ತು. ಸಕ್ಕರೆ ಉದುರಿಸಿದ ಬೇಯಿಸಿದ ಗೋಧಿಯ ತಟ್ಟೆಯೊಂದಿತ್ತು. ಮನೆಯೆಲ್ಲ ಲ್ಯಾವೆಂಡರ್ ವಾಸನೆ. ಪಾದ್ರಿ ಹಾರಿತೋನ್ ಮೂಗು ಉಜ್ಜಿಕೊಳ್ಳುತ್ತ ಮಂತ್ರ ಹೇಳುತ್ತಿದ್ದರು, ನಡುವೆ ಒಮ್ಮೆ ಸೀನಿದರು. ಬಾಗಿಲ ಹಿಂದೆ, ಹೊಸದಾಗಿ ಗುಡಿಸಿದ ಇನ್ನೊಂದು ಕೋಣೆಯ ಹೊಸ್ತಿಲಲ್ಲಿ, ಬಾಚಿದ ತಲೆಯ ಸಾಂದಾ ನಿಂತಿದ್ದಳು. ಅವಳ ತೋಳಿನಲ್ಲಿ ಬೆಕ್ಕು ಇರಲಿಲ್ಲ. ಒತ್ತೊರೀನೊ ನಕ್ಕು ಕೈಬೀಸಿದ. ಅಳುತ್ತಿದ್ದ ಹೆಂಗಸರೆಲ್ಲ ಒಟ್ಟಿಗೆ ಅವನನ್ನು ನೋಡಿದರು.

ತನ್ನ ಉಡುಗೊರೆಗೆ ಸಿಕ್ಕ ಮರ್ಯಾದೆ ಯಾಕೋ ಸ್ವಲ್ಪ ಹೆಚ್ಚಾಯಿತು ಎಂದು ಅವನಿಗೆ ಆಗ ಮೊದಲ ಸಲ ಅನಿಸಿತು. ಗಾಳಿಗೆಂದು ಕಿಟಕಿಯತ್ತ ಸರಿದ. ಹೊರಗೆ ಕೋಳಿಗೂಡಿಗೆ ಒರಗಿಸಿ ಇಟ್ಟ ಆಳೆತ್ತರದ ಮರದ ಶಿಲುಬೆಗೆ ಒಬ್ಬ ಬಿಳಿ ಬಣ್ಣ ಬಳಿದು ಮುಗಿಸಿ, ಕಪ್ಪು ಬಣ್ಣದಲ್ಲಿ ಅಕ್ಷರ ಬರೆಯುತ್ತಿದ್ದ. ರೋ ಮತ್ತು ದಿ ಆಗಿತ್ತು. ಕಾ ಬರೆಯಲು ಬ್ರಷ್ಷು ಅದ್ದುತ್ತಿದ್ದ.

"ಅದು ಯಾರಿಗೆ?" ಎಂದು ಕೇಳಿದ ಒತ್ತೊರೀನೊ.

ಮೇಯರ್ ಅವನ ಭುಜ ಹಿಡಿದುಕೊಂಡ. "ಗಟ್ಟಿ ಮನಸ್ಸು ಮಾಡ್ಕೊಳಿ. ನಿಮ್ಮ ರೋದಿಕಾಗೆ."

"ಯಾಕೆ?"

ಇಷ್ಟು ಸರಳವಾದ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ನಿರೀಕ್ಷಿಸಿರಲಿಲ್ಲ. ಪಾದ್ರಿ ಮಂತ್ರ ನಿಲ್ಲಿಸಿದರು.

"ಯಾಕೆ ಅಂದ್ರೆ? ಅವಳು ಹೋಗಿಬಿಟ್ಟಳಲ್ಲ!"

"ಹೋಗಿದ್ದಾಳೆ, ಹೌದು, ಸಿನ್ಯೋರಾಳ ಜೊತೆ! ಸೂಪು ಕಲಕ್ತಾ ಇರ್ತಾಳೆ ಈಗ! ರೋದಿಕಾ ಬದುಕಿದ್ದಾಳೆ ಕಣ್ರೀ!"

ಮೇಯರ್ ಅನುವಾದಿಸಲಿಲ್ಲ. ಅನುವಾದಿಸುವ ಅಗತ್ಯವಿರಲಿಲ್ಲ, ಆ ಕೋಣೆಯ ಅರ್ಧ ಜನ ಇಟಲಿಯ ಮುದುಕರನ್ನು ಮೀಯಿಸಿ ಬಂದವರೇ. ಆಮೇಲಿನ ಗದ್ದಲದಲ್ಲಿ ಯಾರು ಏನು ಹೇಳಿದರೆಂದು ಬೇರ್ಪಡಿಸುವುದು ಕಷ್ಟ. ನಾನು ಮೂರು ಇಲಾಖೆಗೆ ಕಾಗದ ಬರೆದುಬಿಟ್ಟಿದ್ದೀನಿ, ಸರ್ಕಾರಕ್ಕೆ ಏನು ಮುಖ ತೋರಿಸಲಿ ಎಂದು ಮೇಯರ್ ಕೂಗಿದ. ನಾನು ಅರ್ಧ ಪ್ರಾರ್ಥನೆ ಮುಗಿಸಿದ್ದೀನಿ, ಅದನ್ನ ವಾಪಸ್ ತಗೊಳ್ಳೋಕೆ ಬರಲ್ಲ ಎಂದರು ಪಾದ್ರಿ. ಅಜ್ಜಿ ಗೋಡೆಗೆ ನೇತುಹಾಕಿದ್ದ ಆ ಮೆತ್ತನೆಯ ಟವೆಲನ್ನು ಎಳೆದುಕೊಂಡು ಅದರಿಂದ ಒತ್ತೊರೀನೊನ ಬೆನ್ನಿಗೆ ಬಾರಿಸಿದಳು, ಅದೇ ಟವೆಲಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಬಾರಿಸಿದಳು.

"ಸುಳ್ಳು ಹೇಳ್ತಿದ್ದಾನೆ. ದುಃಖಕ್ಕೆ ತಲೆ ಕೆಟ್ಟಿದೆ," ಎಂದಳು ಬೇಲಿಯಾಚೆಯ ಹೆಂಗಸು.

ಕೊನೆಗೆ ಸಿನ್ಯೋರಾಳ ಮಗನ ನಂಬರಿಗೆ ಫೋನು ಹಚ್ಚಿದರು. ಅವನು ಬೇಸರದಿಂದ ರೋದಿಕಾಳನ್ನು ಕರೆದುಕೊಟ್ಟ. ಎಲ್ಲರಿಗೂ ಕೇಳಿಸುವ ಹಾಗೆ ಫೋನನ್ನು ಗೋಧಿ ತಟ್ಟೆಯ ಪಕ್ಕ ಇಟ್ಟರು.

"ಅಮ್ಮಾ? ಏನಾಯ್ತಮ್ಮಾ?" ಎಂದಿತು ಫೋನು.

"ನೀನು ಯಾರು?" ಎಂದಳು ಅಜ್ಜಿ.

"ನಾನಮ್ಮಾ, ರೋದಿಕಾ!"

"ನಮ್ಮ ಹಸುವಿನ ಹೆಸರು ಹೇಳು."

"ಯಾವ ಹಸು? ಈಗಿಂದೋ, ಕೆಸರಲ್ಲಿ ಬಿದ್ದು ಸತ್ತಿದ್ದೋ?"

ಅಜ್ಜಿ ಅಲ್ಲೇ ಕುಸಿದು ಕೂತಳು. "ಅವಳೇ," ಎಂದಳು. "ಎದುರು ಮಾತಾಡ್ತಾಳೆ. ಅವಳೇ."

ರೋದಿಕಾಳಿಗೆ ವಿಷಯ ತಿಳಿಸಲು ಹತ್ತು ಜನ ಒಟ್ಟಿಗೆ ಪ್ರಯತ್ನಿಸಿದರು. ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ಒತ್ತೊರೀನೊ ಅಲ್ಲೇನು ಮಾಡ್ತಿದ್ದಾನೆ? ಅವನನ್ನ ಏನೂ ಮುಟ್ಟೋಕೆ ಬಿಡಬೇಡಿ," ಎಂದಳು. ಹಿಂದೆ ಮುದುಕಿ ಗಂಡನನ್ನು ಕೂಗುವುದು ಕೇಳಿಸಿತು. "ಬಂದೆ, ಬಂದೆ," ಎಂದು ಗಂಡನ ದನಿಯಲ್ಲಿ ಉತ್ತರಿಸುತ್ತ ರೋದಿಕಾ ಫೋನಿಟ್ಟಳು.

ಪಾದ್ರಿ ಹಾರಿತೋನ್ ಯೋಚಿಸಿ ತೀರ್ಪು ಕೊಟ್ಟರು. ಬದುಕಿರುವಾಗಲೇ ತಮ್ಮ ಆತ್ಮಕ್ಕೆ ಪೊಮಾನಾ ಮಾಡಿಸಿಕೊಳ್ಳುವ ಪದ್ಧತಿ ಹಿರಿಯರಲ್ಲಿ ಇತ್ತು, ಆದ್ದರಿಂದ ಇದನ್ನು ಮುಂಗಡವೆಂದು ಇಟ್ಟುಕೊಳ್ಳಬಹುದು, ಊಟ ಆರುವುದು ಬೇಡ. ಶಿಲುಬೆಗೆ ಬಣ್ಣ ಬಳಿಯುತ್ತಿದ್ದವನು ಒಳಗೆ ತಲೆ ಹಾಕಿ, ಕಾ ಬರೆಯಬೇಕೋ ಬೇಡವೋ ಎಂದು ಕೇಳಿದ. ತೋಡಿದ ಗುಂಡಿಯ ವಿಷಯ ಬಂದಾಗ ಮೂಲೆಯಲ್ಲಿದ್ದ ಮುದುಕನೊಬ್ಬ, "ಮುಚ್ಚಬೇಡಿ, ನನಗೆ ಬೇಕಾಗುತ್ತೆ," ಎಂದ. ಜನ ಉಣ್ಣಲು ಕೂತರು. ಸ್ವಲ್ಪ ಹೊತ್ತಿನಲ್ಲೇ ನೆಲಮಾಳಿಗೆಯ ವೈನು ಬಂತು. ಒತ್ತೊರೀನೊನ ತಟ್ಟೆಗೆ ಮಾತ್ರ ಯಾರೂ ಬಡಿಸಲಿಲ್ಲ. ಅಜ್ಜಿ ಅವನನ್ನು ತೋರಿಸಿ ಏನೋ ಹೇಳಿದಳು. 'ಬಚ್ಚಲು' ಎಂಬ ಪದ ಅವನಿಗೆ ಅರ್ಥವಾಯಿತು.

ಅವನು ಎದ್ದು ಸಾಂದಾ ಇದ್ದ ಕೋಣೆಯ ಹೊಸ್ತಿಲಿಗೆ ಹೋದ. ಹುಡುಗಿ ಮಂಚದ ಪಕ್ಕ ನಿಂತಿದ್ದಳು. ಮಂಚದ ಮೇಲೆ ಒಗೆದ ಹಾಸು, ಉಬ್ಬಿಸಿದ ದಿಂಬು. ಕಿಟಕಿಯ ಗಾಜು ಒರೆಸಿತ್ತು. ಗೋಡೆಯ ಮೊಳೆಗೆ ಖಾಲಿ ಹ್ಯಾಂಗರೊಂದು ತೂಗುತ್ತಿತ್ತು.

"ನಾಳೆ ಬರಲ್ವಾ ಹಾಗಾದ್ರೆ?" ಎಂದಳು ಸಾಂದಾ. ಅವನೇ ಕಳಿಸಿದ ನಿಘಂಟಿನಿಂದ ಕಲಿತ, ಒಂದೊಂದೇ ಪದವನ್ನು ಎತ್ತಿಡುವಂಥ ಇಟಾಲಿಯನ್‌ನಲ್ಲಿ.

"ಯಾರು ಮಗೂ?"

"ಅಮ್ಮ. ಶನಿವಾರ ಬಂದೇ ಬರ್ತಾಳೆ ಅಂತ ಮೇಯರ್ ಮಾಮ ಹೇಳಿದ್ರು. ಊರವರೆಲ್ಲ ಸೇರಿ ಕರೆಸ್ತೀವಿ ಅಂದ್ರು. ಇನ್ಮೇಲೆ ಇಲ್ಲೇ ಇರ್ತಾಳೆ ಅಂದ್ರು."

ಒತ್ತೊರೀನೊ ಖಾಲಿ ಹ್ಯಾಂಗರನ್ನು ನೋಡಿದ. ಅವಳು ಬದುಕಿದ್ದಾಳಲ್ಲ, ಅದು ಒಳ್ಳೆಯ ಸುದ್ದಿಯಲ್ಲವೇ ಎಂದು ಹೇಳಬೇಕಿತ್ತು. ಆ ವಾಕ್ಯ ಯಾಕೋ ಎಲ್ಲಿಂದ ಎತ್ತಿದರೂ ಸರಿಯಾಗಿ ನಿ‌ಲ್ಲಲಿಲ್ಲ.

"ಬದುಕಿದ್ರೆ ಯಾವಾಗ ಬರ್ತಾಳೆ?" ಎಂದು ಕೇಳಿದಳು ಹುಡುಗಿ.

"ಕ್ರಿಸ್ಮಸ್ಸಿಗೆ... ಸಿನ್ಯೋರಾಳ ಮಗ ಒಪ್ಪಿದ್ರೆ."

ಸಾಂದಾ ತಲೆಯಾಡಿಸಿದಳು. ಆ ಉತ್ತರ ಅವಳಿಗೆ ಹಳೆಯದು. ದಿಂಬಿನ ಕೆಳಗಿನಿಂದ ನೀಲಿ ಶಾಲನ್ನು ತೆಗೆದು ಅವನತ್ತ ಚಾಚಿದಳು.

"ಇದು ಅಮ್ಮಂದಲ್ಲ. ಅಮ್ಮನ ಥರ ವಾಸನೆ ಬರಲ್ಲ."

"ಅಮ್ಮಂದೇ. ನಾನು ತೊಳೆದೆ."

"ಯಾಕೆ ತೊಳೆದೆ?"

ಒತ್ತೊರೀನೊನ ಜೇಬಿನಲ್ಲಿ ಪತ್ರಿಕೆಯ ಪುಟ ಇನ್ನೂ ಇತ್ತು. ಅದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನು ಹೊಸ್ತಿಲ ಮೇಲೆ ಕೂತುಕೊಂಡ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದ.

"ನಿನಗೇನು ಬೇಕು ಹೇಳು."

ಸಾಂದಾ ಯೋಚಿಸಿದಳು. ಹೊರಗೆ ಯಾರೋ ಹಾಡಲು ಶುರುಮಾಡಿ, ಸತ್ತವರ ಮನೆಯೆಂದು ನೆನಪಾಗಿ ನಿಲ್ಲಿಸಿ, ಅಲ್ಲವೆಂದು ನೆನಪಾಗಿ ಮತ್ತೆ ಶುರುಮಾಡಿದರು.

"ತೊಳೀದೇ ಇರೋದು," ಎಂದಳು.

ಮದುವೆಯ ವಿಷಯವನ್ನು ಅವನು ಎತ್ತಲಿಲ್ಲ. ಮರಳಿ ಹೊರಡುವಾಗ ಗೇಟಿನ ಬಳಿ ಸಾಂದಾ ಬೆಕ್ಕನ್ನು ಎತ್ತಿಕೊಂಡು ನಿಂತಿದ್ದಳು. ಆದರೆ ಅದನ್ನು ಮುಖದ ಕೆಳಗೆ ಹಿಡಿದಿದ್ದಳು.

ರೋದಿಕಾ ಬೆಟ್ಟದಿಂದ ಇಳಿದುಬಂದ ಮೇಲಿನ ಮೊದಲ ಭಾನುವಾರ ಒತ್ತೊರೀನೊನ ಅಡುಗೆಮನೆಯಲ್ಲಿ ನಿಂತು ಒಂದು ಗಂಟೆ ಬೈದಳು. ಬೈಯುತ್ತಲೇ ಈರುಳ್ಳಿ ಹೆಚ್ಚಿದಳು, ಬೈಯುತ್ತಲೇ ಹಿಟ್ಟು ಕಲಸಿದಳು, ನಡುವೆ ನಗು ಬಂದು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. ಅವಳು ಹೋದ ಮೇಲೆ ಒತ್ತೊರೀನೊ ಆ ಏಪ್ರನ್ನನ್ನು ಮೊಳೆಯಿಂದ ಬಿಚ್ಚಿದ. ಈರುಳ್ಳಿ, ಹಿಟ್ಟು, ಮುದುಕಿಯ ಮುಲಾಮು, ಬೆವರು. ಕೈ ತನ್ನಿಂದ ತಾನೇ ಸೋಪಿನತ್ತ ಹೋಯಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡ.

ಮುಂದಿನ ಭಾನುವಾರ ನಿಲ್ದಾಣದ ಹಿಂದೆ ಅದೇ ಮಂಜು, ಅದೇ ಸಾಲು. ವಲೇರಿಯು ಅವನನ್ನು ಕಂಡವನೇ ಸಿಗರೇಟನ್ನು ಬಾಯಿಂದ ತೆಗೆದ.

"ಈ ಸಲ ಏನಿದೆ ಯಜಮಾನ್ರೇ?"

"ಮಾಸಿದ ಏಪ್ರನ್."

"ಒಗೆದು ಕೊಡೋದಲ್ವಾ?"

"ಬೇಡ."

ವಲೇರಿಯು ಪೊಟ್ಟಣವನ್ನು ದೂರ ಹಿಡಿದು ನೋಡಿದ. "ಸತ್ತವರ ಬಟ್ಟೇನೂ ನಮ್ಮಲ್ಲಿ ಹಂಚ್ತಾರೆ, ಗೊತ್ತಲ್ಲ. ಹೋದ ಸಲ ನಾನು ಆ ಊರಿನಲ್ಲಿ ಒದೆ ತಿನ್ನೋದೊಂದು ಬಾಕಿ. ಯಾರೂ ಸತ್ತಿಲ್ಲ ತಾನೆ?"

"ಯಾರೂ ಸತ್ತಿಲ್ಲ."

"ಹಾಗಂತ ಮೇಲೆ ಬರೆದುಕೊಡಿ. ಬರೆಯದೆ ಒಳಗೆ ಇಡಲ್ಲ."

ಅವನು ದಪ್ಪನೆಯ ಪೆನ್ನು ಕೊಟ್ಟ. ಒತ್ತೊರೀನೊ ಪೊಟ್ಟಣವನ್ನು ವ್ಯಾನಿನ ಚಕ್ರದ ಮೇಲೆ ಒತ್ತಿಟ್ಟು, ಅಜ್ಜಿಗೂ ಓದಲು ಬರುವ ಹಾಗೆ ದೊಡ್ಡ ಅಕ್ಷರಗಳಲ್ಲಿ ಬರೆದ: ರೋದಿಕಾ ಬದುಕಿದ್ದಾಳೆ.

ಹಿಂದೆ ನಿಂತಿದ್ದ ಹೆಂಗಸು ಅವನ ಭುಜದ ಮೇಲಿಂದ ಅದನ್ನು ಓದಿದಳು. ತನ್ನ ಕಾಲ ಬಳಿಯ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಆ ಪೆನ್ನು ಒಂದು ನಿಮಿಷ ಕೊಡ್ತೀರಾ?" ಎಂದಳು.

ಅವಳ ಹಿಂದಿನವಳೂ ಕೈ ಚಾಚಿದಳು.